ಗೋದಲಿಯಲ್ಲಿ ನೆರವೇರಿದ ಮಾತು

ಕ್ರಿಸ್ಮಸ್ಸೆಂದರೆ ಹಲವರಿಗೆ ನಕ್ಷತ್ರದೀಪ, ಕೇಕು. ಕ್ರೈಸ್ತರಿಗಾದರೋ ಅದು ದೇವರು ಕೊಟ್ಟ ಮಾತು ನೆರವೇರಿದ ದಿನ. ಯೇಸುವಿಗಿಂತ ಸುಮಾರು 700 ವರ್ಷ ಹಿಂದಿನ ಪ್ರವಾದಿ ಮೀಕನ ಹೆಸರಿನ ಗ್ರಂಥ, ಇಸ್ರಾಯೇಲನ್ನಾಳುವ ಒಡೆಯನು ಬೇತ್ಲೆಹೇಮೆಂಬ ಚಿಕ್ಕ ಊರಿನಿಂದ ಬರುವನೆಂದು ಸಾರಿತ್ತು. ರೋಮನ್ನರ ಆಳ್ವಿಕೆಯಲ್ಲಿ ನೊಂದಿದ್ದ ಯೆಹೂದ್ಯರಲ್ಲಿ ಅನೇಕರು ದಾವೀದನಂಥ ಅರಸನನ್ನೇ ಎದುರುನೋಡುತ್ತಿದ್ದರು. ಲೂಕನ ಸುವಾರ್ತೆಯಲ್ಲಿ ಕಾಣುವುದಾದರೋ ಛತ್ರದಲ್ಲಿ ಎಡೆ ದೊರೆಯದೆ ಗೋದಲಿಯಲ್ಲಿ ಮಲಗಿಸಿದ ಶಿಶು. ಸುದ್ದಿ ಮೊದಲು ಮುಟ್ಟಿದ್ದು ಇರುಳಲ್ಲಿ ಹಿಂಡು ಕಾಯುತ್ತಿದ್ದ ಕುರುಬರಿಗೆ.

‘ಯೇಸು’ ಎಂಬ ಹೆಸರಿನ ಮೂಲಾರ್ಥ ‘ಯೆಹೋವನು ರಕ್ಷಿಸುತ್ತಾನೆ’ ಎಂದು. ಯಾವುದರಿಂದ ರಕ್ಷಣೆ? ಮತ್ತಾಯನ ಸುವಾರ್ತೆ ಇಲ್ಲಿ ರೋಮಿನ ಹೆಸರೆತ್ತುವುದಿಲ್ಲ, ಪಾಪಗಳಿಂದ ಎನ್ನುತ್ತದೆ. ಜೊತೆಗೇ ‘ಇಮ್ಮಾನುವೇಲ್’, ‘ದೇವರು ನಮ್ಮೊಡನೆ’, ಎಂಬ ಇನ್ನೊಂದು ಹೆಸರನ್ನೂ ನೆನೆಯುತ್ತದೆ. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಹಬ್ಬದ ಅರ್ಥವೆಲ್ಲ ಈ ಎರಡು ಹೆಸರುಗಳಲ್ಲೇ ಅಡಗಿದಂತೆ ತೋರುತ್ತದೆ: ರಕ್ಷಿಸುವವನು ದೂರದಿಂದ ಕೈಚಾಚಲಿಲ್ಲ, ಬಡವರ ನಡುವೆ ಹುಟ್ಟಿಬಂದನು.