ಹುಲಿ, ಕುರಿ ಮತ್ತು ಆಕಾಶದ ಹಡಗುಪಡೆ

ಅಡ್ಡಗದ್ದೆ ಕಡೆ ಮಳೆ ಹಿಡಿದು ಕೂತರೆ ಹಿಂದೆ ಜಗಲಿಗೆ ಚೆನ್ನೆಮಣೆ ಬರುತ್ತಿತ್ತು. ಇಲ್ಲವೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹುಲಿ-ಕುರಿ ಆಟದ ಗೆರೆ ಎಳೆಯುತ್ತಿದ್ದೆವು. ಈಗ ಮೊಮ್ಮಕ್ಕಳು ಅದೇ ಜಗಲಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ನಕ್ಷತ್ರಗಳ ನಡುವೆ ಹಡಗುಪಡೆ ಕಟ್ಟುತ್ತಾರೆ. ಕರೆಂಟು ಇದ್ದರೆ, ಅಷ್ಟೇ! ಮನೆಯ ಹಿರಿಯರಿಗೆ ಅದು ಬರೀ ಢಂ ಢಂ ಸದ್ದು. ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ, ಅದರಲ್ಲಿ ಬಹುಪಾಲು ಇರುವುದು ಲೆಕ್ಕ.

ಹುಡುಗರು ಸಾಮಾನ್ಯವಾಗಿ ಮೊದಲು ಮಾಡುವುದು ಒಂದೇ: ಇದ್ದ ಹಣವನ್ನೆಲ್ಲ ಸುರಿದು ಅತಿ ದೊಡ್ಡ ಹಡಗು ಕೊಳ್ಳುವುದು. ಅದು ಹುಲಿ ಅಂದುಕೊಳ್ಳಿ. ನಮ್ಮ ಆಟದಲ್ಲಿ ಹುಲಿ ಮೂರು, ಕುರಿ ಹದಿನೈದು. ಕುರಿಗೆ ಹಾರಿ ಹೊಡೆಯಲು ಬರುವುದಿಲ್ಲ. ಆದರೂ ಒಂದರ ಬೆನ್ನಿಗೆ ಒಂದು ನಿಂತರೆ ಹುಲಿಗೆ ಹಾರಿ ಇಳಿಯಲು ಜಾಗವೇ ಸಿಗದು. ಕೊನೆಗೆ ಮೂರೂ ಹುಲಿ ಮೂಲೆಯಲ್ಲಿ ಸಿಕ್ಕಿಬೀಳುತ್ತವೆ.

ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1916ರಲ್ಲಿ ಯುದ್ಧವಿಮಾನಗಳ ಬಗ್ಗೆ ಬರೆದ ಪುಸ್ತಕದಲ್ಲಿ ಸಂಖ್ಯೆಯ ಬಲಕ್ಕೊಂದು ಸೂತ್ರ ಕೊಟ್ಟರು. ದೂರದಿಂದ ಗುಂಡು ಹಾರಿಸುವ ಕಾಳಗದಲ್ಲಿ ಪಡೆಯ ಬಲ ಅದರ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದೇ ಶಕ್ತಿಯ ಹಡಗುಗಳು ನಿಮ್ಮ ಬಳಿ 10, ಎದುರಾಳಿಯ ಬಳಿ 6 ಇವೆ ಎನ್ನಿ. ಆ ಆರೂ ನಾಶವಾಗುವ ಹೊತ್ತಿಗೆ ನಿಮಗೆ ಉಳಿಯುವುದು ನಾಲ್ಕಲ್ಲ, ಎಂಟು. 100ರಲ್ಲಿ 36 ಕಳೆದರೆ 64, ಅದರ ವರ್ಗಮೂಲ 8. ಅದೇ ಹತ್ತನ್ನು ಐದೈದಾಗಿ ಒಡೆದು ಒಂದರ ನಂತರ ಒಂದು ಕಳಿಸಿದರೆ? ಈಗ 25ಕ್ಕೆ 25 ಕೂಡಿಸಿ 36 ಕಳೆಯಬೇಕು. ಬರುವುದು 14. ಗೆಲುವು ನಿಮ್ಮದೇ, ಆದರೆ ಉಳಿದದ್ದು ನಾಲ್ಕಕ್ಕೂ ಕಡಿಮೆ! ಇನ್ನೊಂದು ಮಾತು: ನಿಮಗಿಂತ ಎರಡು ಪಟ್ಟು ಹಡಗು ಇರುವವನನ್ನು ಸರಿಗಟ್ಟಲು ನಿಮ್ಮ ಒಂದೊಂದು ಹಡಗೂ ನಾಲ್ಕು ಪಟ್ಟು ಬಲಶಾಲಿಯಾಗಿರಬೇಕು. ಬೆಲೆಪಟ್ಟಿ ನೋಡುವಾಗ ಇದು ನೆನಪಿರಲಿ.

ಹಾಗೆಂದು ಬರೀ ಕುರಿ ಕೊಂಡರೂ ಆಗದು. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ಹೊರತಂದ ‘ಈವ್ ಆನ್‌ಲೈನ್’ ಆಟದಲ್ಲಿ ಸಾವಿರಾರು ಜನ ಒಂದೇ ಆಕಾಶದಲ್ಲಿ ಆಡುತ್ತಾರೆ. ಅಲ್ಲಿನ ದೈತ್ಯ ಹಡಗಿಗೆ ಟೈಟನ್ ಎಂದು ಹೆಸರು. ದೊಡ್ಡ ಫಿರಂಗಿ ನಿಧಾನಕ್ಕೆ ತಿರುಗುತ್ತದೆ, ಸುತ್ತ ಸುಳಿಯುವ ಪುಟ್ಟ ಹಡಗು ಅದರ ಗುರಿಗೆ ಸಿಗುವುದು ಕಷ್ಟ. ಹಾಗಾಗಿ ಕಾವಲಿಗೆ ಸಣ್ಣವೂ ಬೇಕು, ಮುಂದೆ ಹೋಗಿ ನೋಡಿ ಬರುವವೂ ಬೇಕು. ಶತ್ರು ಓಡಿಹೋಗದಂತೆ ಗುಳ್ಳೆಯಂಥ ಬಲೆ ಬೀಸುವ ಹಡಗೂ ಇದೆ. ಅದು ನಮ್ಮ ಕುರಿಯ ಕೆಲಸ. ಕಾಳಗದ ನಡುವೆಯೇ ಜೊತೆಯವರನ್ನು ರಿಪೇರಿ ಮಾಡುವ ಹಡಗುಗಳನ್ನಂತೂ ಮಕ್ಕಳು ಮುಟ್ಟುವುದೇ ಇಲ್ಲ, ಅವು ಗುಂಡು ಹಾರಿಸುವುದಿಲ್ಲವಲ್ಲ! ಹತ್ತು ಹಡಗು ಹತ್ತು ಗುರಿಗೆ ಹೊಡೆದರೆ ಆ ರಿಪೇರಿಯವರು ಎಲ್ಲವನ್ನೂ ಉಳಿಸಿಕೊಳ್ಳುತ್ತಾರೆ. ಹತ್ತೂ ಒಂದಕ್ಕೇ ಹೊಡೆದರೆ ಅವರ ಕೈ ಸೋಲುತ್ತದೆ. ಅದಕ್ಕೇ ಪಳಗಿದ ಸೇನಾಪತಿ ಒಂದು ಸಲಕ್ಕೆ ಒಂದೇ ಹೆಸರು ಕೂಗುತ್ತಾನೆ.

ಬ್ಯಾಂಕಿನ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತ ನನಗೆ ಈ ಆಟದಲ್ಲಿ ತುಂಬಾ ಹಿಡಿಸಿದ್ದು 2014ರ ಜನವರಿ 27ರ ಕತೆ. ಬಿ-ಆರ್5ಆರ್‌ಬಿ ಎಂಬ ನಕ್ಷತ್ರಮಂಡಲ ಒಂದು ದೊಡ್ಡ ಕೂಟದ ನೆಲೆಯಾಗಿತ್ತು. ಅದನ್ನು ತಮ್ಮ ಹೆಸರಿನಲ್ಲಿ ಉಳಿಸಿಕೊಳ್ಳಲು ಆಗ ಆಟದ ನಾಣ್ಯದಲ್ಲೇ ಕಾಲಕಾಲಕ್ಕೆ ಬಾಡಿಗೆಯಂತೆ ಒಂದು ಬಿಲ್ ಕಟ್ಟಬೇಕಿತ್ತು. ಆ ಸಲ ಅದು ಪಾವತಿಯಾಗಲಿಲ್ಲ. ಒಡೆತನ ಕೈಬಿಟ್ಟಿತು, ಎದುರಾಳಿಗಳು ನುಗ್ಗಿದರು. ಏಳು ಸಾವಿರಕ್ಕೂ ಹೆಚ್ಚು ಮಂದಿ ಸೇರಿ, ಕಂಪನಿಯ ಕಂಪ್ಯೂಟರುಗಳು ತಾಳಲಾರದೆ ಆಟದ ಗಡಿಯಾರ ಹತ್ತರಲ್ಲೊಂದು ಪಾಲು ವೇಗಕ್ಕೆ ಇಳಿಯಿತು. ಸುಮಾರು 21 ಗಂಟೆ ಕಾದಾಡಿದರು. 75 ಟೈಟನ್‌ಗಳು ನಾಶವಾದವು. ಅದರಲ್ಲಿ 59 ಬಿಲ್ ಕಟ್ಟದ ಪಕ್ಷದವು. ನಿಜದ ಹಣಕ್ಕೆ ಲೆಕ್ಕ ಹಾಕಿದರೆ ಒಟ್ಟು ನಷ್ಟ ಸುಮಾರು ಮೂರು ಲಕ್ಷ ಡಾಲರ್ ಎಂದು ಅಂದಾಜು ಮಾಡಿದರು.

ನಮ್ಮ ಊರುಗಳಲ್ಲಿ ವೀರಗಲ್ಲು ನೆಟ್ಟಂತೆ ಕಂಪನಿಯವರು ಅಲ್ಲೊಂದು ಸ್ಮಾರಕ ಮಾಡಿದ್ದಾರೆ. ಆಟಗಾರರು ಆ ಮಂಡಲಕ್ಕೆ ಹೋದರೆ, ಒಡೆದುಹೋದ ಟೈಟನ್‌ಗಳು ಕತ್ತಲಲ್ಲಿ ಹಾಗೇ ತೇಲುತ್ತಿರುವುದನ್ನು ನೋಡಬಹುದು.