ಮುಖ ಕಲೆಗೆ, ಪಕ್ಕೆ ವಿಜ್ಞಾನಕ್ಕೆ

ಸಂಡೂರು ಎಂದರೆ ಕಬ್ಬಿಣದ ಅದಿರು, ಕೆಂಪು ಧೂಳು, ಲಾರಿಗಳ ಸಾಲು. ವನ್ಯಜೀವಿ ಛಾಯಾಗ್ರಹಣದ ಮಾತು ಬಂದಾಗ ಈ ಊರು ಸಾಮಾನ್ಯವಾಗಿ ಯಾರಿಗೂ ನೆನಪಾಗುವುದಿಲ್ಲ. ಆಗಬೇಕಿತ್ತು. 1940ರ ದಶಕದಲ್ಲಿ ಮದರಾಸಿನ ವನ್ಯಜೀವಿ ಛಾಯಾಗ್ರಾಹಕ ಎಂ. ಕೃಷ್ಣನ್ ಸಂಡೂರು ಸಂಸ್ಥಾನದ ನೌಕರಿಯಲ್ಲಿದ್ದರು. ಮೇಷ್ಟ್ರಾಗಿ, ನ್ಯಾಯಾಧೀಶರಾಗಿ, ಪ್ರಚಾರಾಧಿಕಾರಿಯಾಗಿ ಅಲ್ಲಿ ಹಲವು ಕೆಲಸ ಮಾಡಿದರು. ಆ ಸಂಸ್ಥಾನದ ರಾಜಮನೆತನದ ಎಂ.ವೈ. ಘೋರ್ಪಡೆ ಆಗಿನ್ನೂ ಹುಡುಗ. ಮುಂದೆ ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವರಾದ ಘೋರ್ಪಡೆ, ಆನೆ ಹುಲಿಗಳ ಕಪ್ಪು-ಬಿಳುಪು ಚಿತ್ರಗಳಿಗೂ ಅಷ್ಟೇ ಹೆಸರಾದರು.

ಘೋರ್ಪಡೆಯವರ ಪುಸ್ತಕದ ಹೆಸರೇ ‘ಸನ್‌ಲೈಟ್ ಅಂಡ್ ಶ್ಯಾಡೋಸ್’. ಅವರ ಕಣ್ಣು ಬೆಳಕಿನ ಕಡೆಗೆ. ಕೃಷ್ಣನ್ ಅವರಿಗೆ ಬೇಕಿದ್ದದ್ದು ಪ್ರಾಣಿ ಹೇಗೆ ನಿಲ್ಲುತ್ತದೆ, ಯಾರ ಜೊತೆ ಮೇಯುತ್ತದೆ, ಮರಿಯನ್ನು ಎಲ್ಲಿಟ್ಟುಕೊಂಡು ನಡೆಯುತ್ತದೆ ಎಂಬುದರ ಸಾಕ್ಷಿ. ನೆಹರೂ ಫೆಲೋಶಿಪ್ ಪಡೆದು ಪರ್ಯಾಯದ್ವೀಪ ಭಾರತದ ದೊಡ್ಡ ಸಸ್ತನಿಗಳ ಸಮೀಕ್ಷೆ ಮಾಡಿದ ಅವರು, ಅದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1970ರ ದಶಕದಲ್ಲಿ ಪ್ರಕಟಿಸಿದರು. ಹಾಗೆಂದು ಕೃಷ್ಣನ್ ಕಲೆಗೆ ಹೊರಗಿನವರೇನಲ್ಲ, ಸೊಗಸಾಗಿ ರೇಖಾಚಿತ್ರ ಬರೆಯುತ್ತಿದ್ದರು. ಕಲೆ ಒಂದು ದಡ, ವಿಜ್ಞಾನ ಇನ್ನೊಂದು ದಡ ಎಂದು ಗೆರೆ ಎಳೆಯ ಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ.

ಕಾಡಿನಲ್ಲಿ ಗಂಟೆಗಟ್ಟಲೆ ಕೂತು, ಸೊಳ್ಳೆ ಕಚ್ಚಿಸಿಕೊಂಡು, ಕಾರಿನ ಬೆಲೆಯ ಲೆನ್ಸ್ ಹೊತ್ತು ಛಾಯಾಗ್ರಾಹಕರು ಯಾಕಾದರೂ ಒದ್ದಾಡುತ್ತಾರೆ? ಬೇಟೆಯ ಚಪಲ ಪೂರ್ತಿ ಹೋಗಿಲ್ಲ ಎಂಬುದು ಒಂದು ಉತ್ತರ, ಅದರಲ್ಲಿ ಸುಳ್ಳಿಲ್ಲ. ಉತ್ತರದ ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ ಎಫ್.ಡಬ್ಲ್ಯೂ. ಚಾಂಪಿಯನ್ 1920ರ ದಶಕದಲ್ಲೇ ಕಾಡಿನ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿಯ ಕಾಲು ತಾಗಿದರೆ ಫ್ಲ್ಯಾಶ್ ಹೊತ್ತಿ ಚಿತ್ರ ಬೀಳುವಂತೆ ಮಾಡಿದ್ದರು. ಅವರಿಂದ ಪ್ರೇರಣೆ ಪಡೆದು ಜಿಮ್ ಕಾರ್ಬೆಟ್ ಬಂದೂಕು ಬದಿಗಿಟ್ಟು ಕ್ಯಾಮೆರಾ ಹಿಡಿದರು. ಬೆಂಗಳೂರಿನಲ್ಲಿ ಒ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಿಂದ ಗುರು-ಶಿಷ್ಯರ ದೊಡ್ಡ ಪರಂಪರೆಯೇ ಬೆಳೆಯಿತು. ಆಗ ರೀಲಿನಲ್ಲಿ 36 ಫ್ರೇಮು, ಒಂದೊಂದಕ್ಕೂ ಲೆಕ್ಕ. ಈಗ ಒಂದು ಸೆಕೆಂಡಿಗೆ 20 ಫ್ರೇಮು ಹೊಡೆಯುವ ಕ್ಯಾಮೆರಾ ಮಾಮೂಲು. ಹೆಸರಿನ ಮುಂದೆ ಎಎಫ್‌ಐಎಪಿ ಎಂಬ ಛಾಯಾಗ್ರಹಣ ಬಿರುದು ಬೇಕು, ಇನ್‌ಸ್ಟಾಗ್ರಾಂನಲ್ಲಿ ಲೈಕು ಬೇಕು. ಆಸೆಪಡುವುದು ತಪ್ಪಲ್ಲ, ಆದರೆ ಆ ಆಸೆ ಕಾಡಿನೊಳಗೆ ಏನು ಮಾಡಿಸುತ್ತದೆ ಎಂಬುದನ್ನು ನೋಡಬೇಕು.

ಸ್ಪರ್ಧೆಗಳ ‘ನೇಚರ್’ ವಿಭಾಗಕ್ಕೆ ಬಿಗಿಯಾದ ನಿಯಮವಿದೆ. ಬೆಳಕು ಸ್ವಲ್ಪ ಹೆಚ್ಚು ಕಡಿಮೆ ಮಾಡಬಹುದು, ಅಂಚು ಕತ್ತರಿಸಬಹುದು. ಚಿತ್ರದೊಳಕ್ಕೆ ಒಂದು ಕಡ್ಡಿಯನ್ನೂ ಸೇರಿಸುವಂತಿಲ್ಲ, ತೆಗೆಯುವಂತೆಯೂ ಇಲ್ಲ. ಇಷ್ಟಾದರೂ ಮೋಸ ನಡೆದಿದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಯ 2009ರ ವಿಜೇತ ಚಿತ್ರದಲ್ಲಿ ತೋಳವೊಂದು ಗೇಟು ಹಾರುತ್ತಿತ್ತು. ಅದು ಪಳಗಿಸಿದ ತೋಳವೇ ಇರಬೇಕೆಂದು ತೀರ್ಪುಗಾರರಿಗೆ ಮನವರಿಕೆಯಾಗಿ ಪ್ರಶಸ್ತಿ ಹೋಯಿತು. 2018ರಲ್ಲಿ ಇನ್ನೊಂದು ಪ್ರಕರಣ. ಬ್ರೆಜಿಲ್‌ನ ಗೆದ್ದಲ ಹುತ್ತದ ಮುಂದೆ ನಿಂತಿದ್ದ ಇರುವೆಭಕ್ಷಕ, ಅಲ್ಲಿನ ಉದ್ಯಾನದ ಬಾಗಿಲಲ್ಲಿಟ್ಟಿದ್ದ ಹುಲ್ಲು ತುಂಬಿದ ಬೊಂಬೆಯೇ ಎಂಬ ದೂರು ಬಂತು. ಮ್ಯೂಸಿಯಂನ ವಿಜ್ಞಾನಿಗಳು ತಲೆಯ ಮೇಲಿನ ಕೂದಲ ಗೊಂಚಲು, ಮೈಮೇಲಿನ ಗುರುತುಗಳನ್ನು ಒಂದೊಂದಾಗಿ ಹೋಲಿಸಿ ನೋಡಿ, ಎರಡೂ ಒಂದೇ ಇರಬೇಕು ಎಂದರು. ಎರಡೂ ಪ್ರಕರಣಗಳಲ್ಲಿ ಛಾಯಾಗ್ರಾಹಕರು ಆರೋಪ ಒಪ್ಪಲಿಲ್ಲ, ಪ್ರಶಸ್ತಿಯಂತೂ ಉಳಿಯಲಿಲ್ಲ.

ಇಂಥ ಮೋಸವನ್ನು ಖಂಡಿಸುವುದು ಸುಲಭ. ಕಷ್ಟವಾಗುವುದು ಹಂಪಿಯ ಬಳಿಯ ದರೋಜಿಯಲ್ಲಿ. 1994ರಲ್ಲಿ ಕರಡಿಧಾಮವಾದ ಈ ಬಂಡೆಗುಡ್ಡಗಳಲ್ಲಿ ಅರಣ್ಯ ಸಿಬ್ಬಂದಿ ಮಧ್ಯಾಹ್ನ ಬಂಡೆಗೆ ಬೆಲ್ಲದ ಪಾಕದಂಥದ್ದನ್ನು ಬಳಿಯುತ್ತಾರೆ. ಬಿಸಿಲಿಳಿಯುವ ಹೊತ್ತಿಗೆ ಗುಹೆಗಳಿಂದ ಕರಡಿಗಳು ಇಳಿದು ಬಂದು ಬಂಡೆ ನೆಕ್ಕುತ್ತವೆ. ಎದುರಿನ ವೀಕ್ಷಣಾ ಗೋಪುರದಿಂದ ಜನ ನೋಡುತ್ತಾರೆ. ಮರಿಯನ್ನು ಬೆನ್ನ ಮೇಲೆ ಹೊತ್ತ ತಾಯಿ ಕರಡಿ ಸಂಜೆಯ ಓರೆ ಬಿಸಿಲಲ್ಲಿ ನಿಂತರೆ ಯಾರ ಕೈಯಾದರೂ ಶಟರ್ ಮೇಲೆ ಹೋಗಲೇಬೇಕು. ಅದು ಒಳ್ಳೆಯ ಚಿತ್ರವೂ ಹೌದು, ಮರಿ ಹೊರುವ ರೀತಿ ನಿಜವೂ ಹೌದು. ಆದರೆ ಕರಡಿ ಏನು ತಿನ್ನುತ್ತದೆ, ಯಾವ ಹೊತ್ತಿಗೆ ಯಾವ ಬಂಡೆಗೆ ಬರುತ್ತದೆ ಎಂಬುದಕ್ಕೆ ಈ ಚಿತ್ರ ಸಾಕ್ಷಿಯಾಗದು. ಅದರ ನಿಜವಾದ ಊಟ ಗೆದ್ದಲು, ಇರುವೆ, ಕಾಡುಹಣ್ಣು, ಜೇನು. ಗೋಪುರದಿಂದ ಚಿತ್ರ ತೆಗೆಯಬೇಡಿ ಎಂದು ನಾನು ಹೇಳುವುದಿಲ್ಲ. ಬೆಲ್ಲ ಬಳಿದಿದ್ದರು ಎಂಬ ಒಂದು ಸಾಲು ಚಿತ್ರದ ಕೆಳಗೆ ಇರಲಿ, ಅಷ್ಟೇ. ಆ ಸಾಲು ಬರೆಯಲು ನಾಚಿಕೆಯಾದರೆ ಚಿತ್ರದಲ್ಲೇ ಏನೋ ಐಬಿದೆ.

ವಿಜ್ಞಾನಿಗೆ ಬೇಕಾದ ಚಿತ್ರ ಎಷ್ಟು ಬೇರೆ ಎಂಬುದು ಹುಲಿ ಎಣಿಕೆಯಲ್ಲಿ ಚೆನ್ನಾಗಿ ಕಾಣುತ್ತದೆ. ಸಫಾರಿ ಜೀಪಿನಲ್ಲಿ ಎಲ್ಲರೂ ಕಾಯುವುದು ಹುಲಿ ನೇರವಾಗಿ ನಮ್ಮತ್ತ ನಡೆದು ಬರುವ ಕ್ಷಣಕ್ಕೆ. ಆ ಮುಖದಿಂದ ಎಣಿಕೆಗೆ ಹೆಚ್ಚಿನ ಉಪಯೋಗವಿಲ್ಲ. ಒಂದೊಂದು ಹುಲಿಯ ಪಟ್ಟೆಯೂ ಬೇರೆ, ಒಂದೇ ಹುಲಿಯ ಎಡ ಪಕ್ಕೆಗೂ ಬಲ ಪಕ್ಕೆಗೂ ಹೊಂದಿಕೆಯಿಲ್ಲ. ಆದ್ದರಿಂದ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಹುಲಿ ಎಣಿಸಲು ಹೊರಟಾಗ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟಿದರು. ನಡುವೆ ಹಾದ ಹುಲಿಯ ಎರಡೂ ಪಕ್ಕೆ ಒಟ್ಟಿಗೆ ಸಿಗುತ್ತವೆ. ಫ್ಲ್ಯಾಶಿನಲ್ಲಿ ಬಿಳಿಚಿಕೊಂಡ, ಬಾಲವೋ ಮೂತಿಯೋ ಕತ್ತರಿಸಿಹೋದ ಆ ಚಿತ್ರಗಳನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ಆದರೆ ಹೆಜ್ಜೆ ಗುರುತು ನೋಡಿ ಲೆಕ್ಕ ಹಾಕುವ ಹಳೆಯ ಪದ್ಧತಿ ಮೂಲೆಗೆ ಸರಿದದ್ದು ಇವುಗಳಿಂದ. 2011ರಲ್ಲಿ ಶಿಕಾರಿಪುರ ತಾಲ್ಲೂಕಿನಲ್ಲಿ ಸಿಕ್ಕಿಬಿದ್ದ ಗಂಡು ಹುಲಿಯ ಪಟ್ಟೆಗಳನ್ನು ಹಳೆಯ ಚಿತ್ರಗಳ ಜೊತೆ ಹೋಲಿಸಿದಾಗ ಅದು ಬಂಡೀಪುರದ್ದು, ಸುಮಾರು 280 ಕಿ.ಮೀ. ದಾಟಿ ಬಂದದ್ದು ಎಂದು ಗೊತ್ತಾಯಿತು. 2018ರ ರಾಷ್ಟ್ರೀಯ ಎಣಿಕೆಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು ತೆಗೆದ ಸುಮಾರು 3.48 ಕೋಟಿ ಚಿತ್ರಗಳಲ್ಲಿ ಹುಲಿ ಇದ್ದದ್ದು 76,651ರಲ್ಲಿ.

ಯಂತ್ರ ಎಣಿಸಬಲ್ಲದು, ಮನಸ್ಸು ಬದಲಾಯಿಸುವುದು ಅದರ ಕೈಲಾಗದು. ಬ್ರಿಟಿಷರ ಕಾಲದಲ್ಲಿ ಸೀಳುನಾಯಿಯನ್ನು ಕೊಂದವರಿಗೆ ಇನಾಮು ಸಿಗುತ್ತಿತ್ತು. ಬದುಕಿರುವಾಗಲೇ ಬೇಟೆಯನ್ನು ತಿನ್ನುವ ಕ್ರೂರಿ ಎಂಬ ಅಪವಾದ ಬಹುಕಾಲ ಅದನ್ನು ಬಿಡಲಿಲ್ಲ. ಎ.ಜೆ.ಟಿ. ಜಾನ್‌ಸಿಂಗ್ 1970ರ ದಶಕದಲ್ಲಿ ಬಂಡೀಪುರದಲ್ಲಿ ಅವುಗಳನ್ನು ಅಧ್ಯಯನ ಮಾಡಿ ಪ್ರಬಂಧ ಬರೆದರು. ಅದನ್ನು ಓದಿದವರು ಬಲ್ಲರು, ಊರಿನವರಿಗೆ ಗೊತ್ತಾಗಲಿಲ್ಲ. ಮೈಸೂರಿನ ಕೃಪಾಕರ-ಸೇನಾನಿ ವರ್ಷಗಟ್ಟಲೆ ಒಂದು ಗುಂಪಿನ ಹಿಂದೆ ಬಿದ್ದು ಮಾಡಿದ ‘ದಿ ಪ್ಯಾಕ್’ ಚಿತ್ರದಲ್ಲಿ ಅವು ಮರಿಗಳಿಗೆ ಉಣಿಸುವ, ಆಡುವ, ಜಗಳವಾಡುವ ಮನೆಮಂದಿಯಾಗಿ ಕಂಡವು. 2010ರಲ್ಲಿ ‘ಗ್ರೀನ್ ಆಸ್ಕರ್’ ಎನ್ನುವ ವೈಲ್ಡ್‌ಸ್ಕ್ರೀನ್ ಪಾಂಡಾ ಪ್ರಶಸ್ತಿ ಬಂತು. ಆ ಸಹನೆ ವಿಜ್ಞಾನಿಯದೋ ಕಲಾವಿದನದೋ ಎಂದು ಯಾರಾದರೂ ಬೇರ್ಪಡಿಸಿ ತೋರಿಸಲಿ.

ಗೂಡಿನ ಚಿತ್ರಗಳ ಬಗ್ಗೆ ಮಾತ್ರ ನನಗೆ ಎರಡು ಮನಸ್ಸಿಲ್ಲ. ಹಿಂದಿನವರು ತೆಗೆದರು, ಅವರಿಂದ ಹಕ್ಕಿಗಳ ಬಗ್ಗೆ ನಮಗೆ ಒಂದಿಷ್ಟು ತಿಳಿಯಿತು, ಸರಿ. ಈಗ ಫ್ರೇಮಿಗೆ ಅಡ್ಡ ಎಂದು ಗೂಡಿನ ಮುಂದಿನ ಒಂದು ರೆಂಬೆ ಬಗ್ಗಿಸಿದರೆ ಮರಿಗಳಿಗೆ ನೆರಳು ಹೋಗುತ್ತದೆ, ಕಾಗೆಯ ಕಣ್ಣಿಗೆ ದಾರಿ ತೆರೆಯುತ್ತದೆ. ಬೇಡವೇ ಬೇಡ. ಚಿತ್ರಕ್ಕಿಂತ ಜೀವ ದೊಡ್ಡದು ಎಂದು ವಿಜ್ಞಾನಿಗಳೇ ನಡೆದು ತೋರಿಸಿದ್ದಾರೆ. ಅರುಣಾಚಲದ ಈಗಲ್‌ನೆಸ್ಟ್‌ನಲ್ಲಿ ರಮಣ ಆತ್ರೇಯ 2006ರಲ್ಲಿ ಬುಗುನ್ ಲಿಯೋಸಿಕ್ಲ ಎಂಬ ಹೊಸ ಹಕ್ಕಿಯನ್ನು ಲೋಕಕ್ಕೆ ಪರಿಚಯಿಸಿದಾಗ, ರೂಢಿಯಂತೆ ಕೊಂದು ಮ್ಯೂಸಿಯಂಗೆ ಕಳಿಸಲಿಲ್ಲ. ಬಲೆಗೆ ಸಿಕ್ಕಿದ್ದನ್ನು ಅಳೆದು, ಚಿತ್ರ ತೆಗೆದು, ಉದುರಿದ ಪುಕ್ಕ ಎತ್ತಿಟ್ಟುಕೊಂಡು ಹಾರಿಬಿಟ್ಟರು.

ನಿಮ್ಮ ಹಾರ್ಡ್ ಡಿಸ್ಕಿನಲ್ಲೂ ವಿಜ್ಞಾನಕ್ಕೆ ಬೇಕಾದ ಸಾಕ್ಷಿ ಬಿದ್ದಿರಬಹುದು. ಮುಂದಿನ ಸಲ ಕಬಿನಿಗೋ ಬಿಳಿಗಿರಿರಂಗನ ಬೆಟ್ಟಕ್ಕೋ ಹೋದಾಗ, ಹುಲಿ ಜೀಪು ದಾಟಿ ಹೋಗುವವರೆಗೂ ಕ್ಯಾಮೆರಾ ಇಳಿಸಬೇಡಿ, ಪಕ್ಕೆಯೂ ಸಿಗಲಿ. ದಿನ, ವೇಳೆ, ಜಾಗ ಬರೆದಿಡಿ. ಜಾಗದ ಹೆಸರನ್ನು ಫೇಸ್‌ಬುಕ್ಕಿಗೆ ಹೇಳಬೇಡಿ. ಹಕ್ಕಿಯಾದರೆ ಇ-ಬರ್ಡ್‌ಗೆ, ಉಳಿದ ಜೀವಿಗಳಾದರೆ ಐ-ನ್ಯಾಚುರಲಿಸ್ಟ್‌ಗೆ ಹಾಕಿ. ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ಅವು ಮುಚ್ಚಿಡುತ್ತವೆ, ದುಡ್ಡನ್ನೂ ಕೇಳುವುದಿಲ್ಲ.