ಮಾಂಸ ಬೇಡ, ಮಸಾಲೆ ಬೇಕು

ಪ್ರಶ್ನೆ: ಮಾಂಸ ಬಿಟ್ಟವರು ಮಾಂಸದಂಥದ್ದನ್ನೇ ಯಾಕೆ ತಿನ್ನುತ್ತಾರೆ?
– ಓದುಗರೊಬ್ಬರು, ವೈಟ್‌ಫೀಲ್ಡ್

ಉತ್ತರ: ಬಿಟ್ಟಿದ್ದು ಕೊಲ್ಲುವುದನ್ನು. ನಾಲಿಗೆಗೆ ಹತ್ತಿದ ರುಚಿ ಅಷ್ಟು ಬೇಗ ಬಿಡುತ್ತದೆಯೇ? ಆ ರುಚಿಯಲ್ಲೂ ದೊಡ್ಡ ಪಾಲು ಚಕ್ಕೆ, ಲವಂಗ, ಹುರಿದ ಕೊತ್ತಂಬರಿಬೀಜದ್ದು. ಉಳಿದದ್ದು ಜಗಿಯುವ ಸುಖ. ಪೀಣ್ಯದ ಮೆಸ್‌ಗಳ ಪಲಾವಿಗೆ ಬೀಳುವ ಮೀಲ್‌ಮೇಕರ್ ನೋಡಿ. ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಬಿಸಿ, ಒತ್ತಡದಲ್ಲಿ ಸಣ್ಣ ತೂತಿನಿಂದ ಹೊರದಬ್ಬಿದಾಗ ನೀರು ಆವಿಯಾಗಿ ಉಂಡೆ ಉಬ್ಬುತ್ತದೆ, ಒಳಗೆ ನಾರುನಾರಾಗುತ್ತದೆ. ಬಿಸಿನೀರಲ್ಲಿ ನೆನೆಸಿ, ಹಿಂಡಿ ಸಾರಿಗೆ ಹಾಕಿದರೆ ಮಸಾಲೆಯನ್ನೆಲ್ಲ ಹೀರುತ್ತದೆ. (ಸರಿಯಾಗಿ ಹಿಂಡದಿದ್ದರೆ ಹಸಿವಾಸನೆ ಖಾತ್ರಿ!) ಒಣ ತೂಕದಲ್ಲಿ ಅರ್ಧದಷ್ಟು ಪ್ರೋಟೀನ್, ಬೆಲೆಯೂ ಮಾಂಸಕ್ಕಿಂತ ಕಡಿಮೆ. ಹುಟ್ಟಾ ಸಸ್ಯಾಹಾರಿಗಳಿಗಂತೂ ಇದು ಯಾವುದರ ಬದಲಿಯೂ ಅಲ್ಲ, ಇನ್ನೊಂದು ತರಕಾರಿ ಅಷ್ಟೇ. ಕರಾವಳಿಯವರ ಗುಜ್ಜೆ (ಎಳೆ ಹಲಸಿನಕಾಯಿ) ಸುಕ್ಕ ತಿಂದವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ.